ಕೊಪ್ಪರಿಗೆಯ ಮೇಲಿನ ಹೆಸರು

ನನ್ನ ಉಳಿ ಕಿತ್ತುಕೊಳ್ಳುತ್ತೇವೆ ಎಂದು ಚಾವಡಿಯ ಹಿರಿಯರು ಹೇಳಿ ಕಳಿಸಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿದ್ದದ್ದನ್ನು ಬೇಯಿಸಿ, ಇನ್ನೆರಡು ಬಡಿದು, ಉಂಡು, ಕೈ ತೊಳೆದು ಆಮೇಲೆ ಹೊರಟೆ. ಹಸಿದುಕೊಂಡು ದೊಡ್ಡವರ ಮುಂದೆ ನಿಂತರೆ ದನಿ ಸಣ್ಣದಾಗುತ್ತದೆ. ಅದು ನನಗೆ ನಮ್ಮಪ್ಪನ ಕಾಲದಿಂದ ಗೊತ್ತು.

ನಾನು ಕಾಳವ್ವ, ಪತ್ತಾರರ ಮನೆಯವಳು. ಪಾತ್ರೆಯ ಮೇಲೆ ಹೆಸರು ಕೊರೆಯುವುದು ನಮ್ಮ ಕಸುಬು. ಬೇರೆ ಊರುಗಳಲ್ಲಿ ಜನ ಹೆಸರು ಕೊರೆಸುವುದು ಮದುವೆ ಮನೆಯಲ್ಲಿ ಬಿಂದಿಗೆ ಅದಲುಬದಲಾಗದಿರಲಿ ಎಂಬ ಕಾರಣಕ್ಕಂತೆ. ನಮ್ಮಲ್ಲಿ ಹಾಗಲ್ಲ. ನಮ್ಮೂರಲ್ಲಿ ಒಬ್ಬರು ಸತ್ತರೆ ಅವರ ವಸ್ತು ನೆಲ ಹಿಡಿಯುತ್ತದೆ. ಉಟ್ಟ ಬಟ್ಟೆಗೆ, ಕಾಳುಕಡಿಗೆ ಈ ಕಾಟವಿಲ್ಲ, ಉಳಿದದ್ದಕ್ಕೆಲ್ಲ ಇದೆ. ವಸ್ತುವಿನ ಮೇಲೆ ಯಾರ ಹೆಸರು ಕೊರೆದಿದೆಯೋ ಅವರು ಹಿಡಿದರೆ ಏಳುತ್ತದೆ. ಕೊರೆಸದೆ ಸತ್ತರೆ ಎತ್ತು ಕಟ್ಟಿ ಎಳೆದರೂ ಮಿಸುಕುವುದಿಲ್ಲ. ಬಸ್ಸು ನಿಲ್ಲುವ ಜಾಗದಲ್ಲಿ ಬೇವಿನ ಮರಕ್ಕೆ ಒರಗಿರುವ ಸೈಕಲ್ಲು ನಾನು ಹುಟ್ಟುವ ಮೊದಲಿನದು. ಹೂ ಮಾರುವ ರುದ್ರವ್ವ ಅದರ ಮೇಲೆ ಒದ್ದೆ ಸೀರೆ ಹರವುತ್ತಾಳೆ. ಪೇಟೆ ದಾರಿಯ ನಡುವೆ ಒಂದು ಚಕ್ಕಡಿ ನಿಂತಿದೆ, ಬಸ್ಸು ಅದನ್ನು ಸುತ್ತುಹಾಕಿ ಹೋಗುತ್ತದೆ. ಒಂದು ಮನೆಯಲ್ಲಿ ಬೀಸುವ ಕಲ್ಲು ಹೊಸ್ತಿಲಿಗೆ ಅಡ್ಡವಾಗಿ ನಿಂತುಬಿಟ್ಟಿತು. ಆ ಮನೆಯವರು ಗೋಡೆ ಒಡೆದು ಪಕ್ಕಕ್ಕೆ ಇನ್ನೊಂದು ಬಾಗಿಲು ಇಟ್ಟುಕೊಂಡರು. ಗಿರಣಿಯ ಹಿಂದೆ ಒಂದು ಹಳೆಯ ಕೊಪ್ಪರಿಗೆ ಇದೆ. ಅದರ ಒಡೆಯ ಯಾರಿಗೆ ಕೊಡಲಿ, ಯಾರಿಗೆ ಬಿಡಲಿ ಎಂದು ಯೋಚಿಸುತ್ತಲೇ ಸತ್ತ. ಈಗ ಅದರಲ್ಲಿ ಗಿರಣಿಯವರ ಕೋಳಿ ಮೊಟ್ಟೆ ಇಡುತ್ತದೆ.

ಆದ್ದರಿಂದ ನಮ್ಮೂರಲ್ಲಿ ಕೂದಲು ನರೆಯಲು ಶುರುವಾದರೆ ಜನ ವೈದ್ಯರ ಮನೆಗಿಂತ ಮೊದಲು ನಮ್ಮ ಮನೆಗೆ ಬರುತ್ತಾರೆ. ಅವರು ಹೆಸರು ಹೇಳುತ್ತಾರೆ, ನಾನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತೇನೆ. ಕೊನೆಯ ಚುಕ್ಕೆಯನ್ನು ಮಾತ್ರ ವಸ್ತುವಿನ ಒಡೆಯರೇ ಹೊಡೆಯಬೇಕು. ಆ ಚುಕ್ಕೆ ಹೊಡೆಯುವಾಗ ಎಂಥ ಗಟ್ಟಿ ಗಂಡಸಿನ ಕೈಯೂ ಸ್ವಲ್ಪ ನಡುಗುತ್ತದೆ.

ಒಂದು ವಸ್ತುವಿಗೆ ಒಂದೇ ಹೆಸರು ಎಂಬುದು ಚಾವಡಿಯವರ ಕಟ್ಟಳೆ. ಅದು ಹುಟ್ಟಿದ್ದು ನಮ್ಮಪ್ಪನಿಂದ. ಯಮನಪ್ಪ, ಬರಮಪ್ಪ ಎಂಬ ಅಣ್ಣತಮ್ಮಂದಿರ ತಾಯಿ ಇಬ್ಬರಲ್ಲಿ ಒಬ್ಬನನ್ನು ಆರಿಸಲಾರದೆ, ನೀರು ಕಾಯಿಸುವ ಹಂಡೆಯ ಮೇಲೆ ಇಬ್ಬರ ಹೆಸರನ್ನೂ ನಮ್ಮಪ್ಪನಿಂದ ಕೊರೆಸಿದಳು. ಅವಳು ಸತ್ತ ಮೇಲೆ ಯಮನಪ್ಪ ಎತ್ತಿ ನೋಡಿದ, ಏಳಲಿಲ್ಲ. ಬರಮಪ್ಪ ಎತ್ತಿ ನೋಡಿದ, ಏಳಲಿಲ್ಲ. ಇಬ್ಬರೂ ಬಂದು ನಮ್ಮಪ್ಪನ ಮೇಲೆ ಬಿದ್ದರು. ಒಂದು ವರ್ಷ ಯಾರೂ ಮೌನಪ್ಪ ಪತ್ತಾರನ ಮನೆಗೆ ಪಾತ್ರೆ ಒಯ್ಯಬಾರದು ಎಂದು ಚಾವಡಿಯಲ್ಲಿ ತೀರ್ಮಾನವಾಯಿತು. ಆ ವರ್ಷ ನಾವು ಅಂಬಲಿ ಕುಡಿದು ಬದುಕಿದೆವು. ಅಪ್ಪ ಆಮೇಲೆ ಊರ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಸಾಯುವ ಮೊದಲು ತನ್ನ ಉಳಿಯ ಹಿಡಿಯ ಮೇಲೆ ನನ್ನ ಹೆಸರು ಕೊರೆದ. ಹೆಣ್ಣುಮಗಳಿಗೆ ಉಳಿ ಕೊಟ್ಟನಲ್ಲ ಎಂದು ಅದಕ್ಕೂ ಜನ ಆಡಿಕೊಂಡರು. ಆಡಿಕೊಂಡವರೇ ಮರುವರ್ಷ ಬಿಂದಿಗೆ ಹಿಡಿದು ನನ್ನ ಬಾಗಿಲಿಗೆ ಬಂದರು.

ಇನ್ನು ದುಂಡವ್ವ. ಎಪ್ಪತ್ತಾರು ವರ್ಷದವಳು, ಮಕ್ಕಳಿಲ್ಲ. ಸಣ್ಣ ವಯಸ್ಸಿನಲ್ಲಿ ಗಂಡ ತೀರಿಕೊಂಡಾಗ, ಮಣ್ಣಿಗೆ ಬಂದ ದೂರದ ಜನ ಉಣ್ಣದೆ ಬಿಸಿಲಲ್ಲಿ ವಾಪಸು ಹೋದರಂತೆ. ಊರಿಗೆ ಆಗ ಇದ್ದ ಒಂದೇ ಕೊಪ್ಪರಿಗೆ, ಗಿರಣಿಯ ಹಿಂದಿನದು, ಅದೇ ತಿಂಗಳು ನೆಲ ಹಿಡಿದಿತ್ತು. ಅವಳು ತಿಥಿ ಮುಗಿಯುವುದನ್ನೂ ಕಾಯದೆ ಕೊರಳಿನ ಬಂಗಾರದ ಬೋರಮಾಳ ಬಿಚ್ಚಿ ಕೊಟ್ಟು ಒಂದು ತಾಮ್ರದ ಕೊಪ್ಪರಿಗೆ ಮಾಡಿಸಿದಳು. ಎರಡು ಕಡೆ ಎರಡು ಬಳೆ, ಇಬ್ಬರು ಹಿಡಿದು ಎತ್ತುವಂಥದ್ದು. ಅಲ್ಲಿಂದ ಐವತ್ತು ವರ್ಷ ಊರಿನ ಮದುವೆ, ಸೀಮಂತ, ಸಾವು ಎಲ್ಲದಕ್ಕೂ ಅದರಲ್ಲೇ ಅಡುಗೆ. ಯಾವ ಓಣಿಯವರು, ಯಾವ ಜನ ಎಂದು ಅವಳು ಯಾವತ್ತೂ ಕೇಳಿದವಳಲ್ಲ. ತೊಳೆಯದೆ ತಂದುಕೊಟ್ಟರೆ ಮಾತ್ರ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು.

ಒಂದು ದಿನ ನಮ್ಮ ಕಟ್ಟೆಗೆ ಬಂದು ಕುಳಿತಳು. "ಕಾಳವ್ವ, ಕೊಪ್ಪರಿಗಿಗೆ ಹೆಸರು ಕೊರಿಬೇಕು," ಎಂದಳು. ಅವಳ ತಮ್ಮನ ಮಗ ಅಡಿವೆಪ್ಪನ ಹೆಸರೇ ಇರಬೇಕು ಎಂದುಕೊಂಡೆ. ಅವನು ಎರಡು ತಾಸಿನ ದಾರಿಯ ಪೇಟೆಯಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು, ಸ್ವಂತ ಟೆಂಪೋ ಇದೆ. ಹಬ್ಬಕ್ಕೊಮ್ಮೆ ಬಾಳೆಹಣ್ಣು ಹಿಡಿದು ಬಂದು "ಅತ್ತಿ, ಕೊರಸಿದೇನು?" ಎಂದು ಕೇಳಿ ಹೋಗುತ್ತಿದ್ದ. ನಾನು ಉಳಿ ತೆಗೆದೆ. ದುಂಡವ್ವ ಅಂದಳು, "ಅಡಿವೆಪ್ಪಗ ಅಲ್ಲ. ಅವ ಒಯ್ದ ಬಾಡಿಗಿಗೆ ಹಚ್ಚತಾನ. ತನ್ನ ಪಾತ್ರಿ ಊರಿಗೆ ಕೊಡತೀನಿ ಅನ್ನಾಂವ ಒಬ್ಬನೂ ಹುಟ್ಟಿಲ್ಲ. ನಾ ಕೊಡತೀನಿ."

"ಊರು ಅಂತ ಕೊರದ್ರ ಹೆಂಗ ದೊಡವ್ವ," ಎಂದೆ. "ನಾಳೆ ಚಾವಡಿಯವರು ಬಂದು ಊರಂದ್ರ ನಾವ ಅಂತಾರ. ಅವರ ಅಂಗಳದಾಗ ಕುಂದರತೈತಿ ಅದು."

"ಹಂಗಾರ ಎಲ್ಲಾರ ಹೆಸರೂ ಕೊರಿ. ಜಾಗಾ ಐತಿ."

ಅಷ್ಟು ಹೆಸರು ಕೊರೆಯಲು ನನಗೇನೂ ಬೇಸರವಿರಲಿಲ್ಲ. ಆದರೆ ನಮ್ಮಪ್ಪನ ಹಂಡೆ ನೆನಪಾಯಿತು. ಅದರ ಬಗ್ಗೆ ನನಗೆ ಮೂವತ್ತು ವರ್ಷದಿಂದ ಒಂದು ಅನುಮಾನವಿತ್ತು. ಅಣ್ಣತಮ್ಮ ಒಬ್ಬೊಬ್ಬರೇ ಎತ್ತಿ ನೋಡಿದ್ದರು. ಕೂಡಿ ಎತ್ತಿರಲಿಲ್ಲ, ಏಕೆಂದರೆ ಮಾತು ಬಿಟ್ಟಿದ್ದರು. ಇದನ್ನು ಹೇಳಿದ್ದೇ ತಡ, ದುಂಡವ್ವ ಸೆರಗು ಸಿಕ್ಕಿಸಿ ಎದ್ದಳು. ಇಬ್ಬರೂ ಮುದುಕರನ್ನು ಅವರವರ ಮನೆಯಿಂದ ಕೈ ಹಿಡಿದು ಎಳೆದುಕೊಂಡು ಬಂದು, ಅವರ ತಾಯಿಯ ಅಂಗಳದಲ್ಲೇ ಕೂತಿದ್ದ ಹಂಡೆಯ ಆಚೆ ಒಬ್ಬನನ್ನು, ಈಚೆ ಒಬ್ಬನನ್ನು ನಿಲ್ಲಿಸಿದಳು. "ನಿಮ್ಮ ಲಗ್ನಕ್ಕ ಅನ್ನ ಮಾಡಿ ಹಾಕೀನಿ, ಋಣ ಐತಿ, ಎತ್ತರಿ," ಎಂದಳು. ಒಬ್ಬರ ಮುಖ ಒಬ್ಬರು ನೋಡದೆ ಬಗ್ಗಿ ಕೈ ಹಾಕಿದರು. ಹಂಡೆ ಎದ್ದಿತು. ಅದರ ಕೆಳಗೆ ಗುಂಡಗೆ ಬಿಳಿಚಿಕೊಂಡ ನೆಲ ಕಂಡಿತು. ಬರಮಪ್ಪ "ಅವ್ವನ ಹಂಡೇ" ಎಂದು ಅಷ್ಟೇ ಅಂದ. ನಾನು ಅಲ್ಲೇ ಗೋಡೆ ಹಿಡಿದು ಅತ್ತೆ. ನಮ್ಮಪ್ಪ ತಪ್ಪು ಮಾಡಿರಲಿಲ್ಲ. ಒಂದು ವರ್ಷದ ಅಂಬಲಿ, ತಗ್ಗಿಸಿದ ತಲೆ, ಎಲ್ಲವೂ ಸುಮ್ಮನೆ ಹೋಗಿತ್ತು.

ಆದರೆ ದುಂಡವ್ವನಿಗೆ ಖುಷಿಯಾಗಲಿಲ್ಲ. ದಾರಿಯಲ್ಲಿ ಬರುವಾಗ ಅಂದಳು, "ಅಂದ್ರ ಎಲ್ಲಾರ ಹೆಸರು ಕೊರಸಿದ್ರ ಎಲ್ಲಾರೂ ಕೂಡಿ ಎತ್ತಬೇಕು. ನಮ್ಮೂರಾಗ ಎಲ್ಲಾರೂ ಕೂಡಿ ಬಂದದ್ದು ಯಾವಾಗ? ಒಬ್ಬ ಸಿಟ್ಟಿಲೆ ಮನ್ಯಾಗ ಕುಂತ್ರ ಮುಗೀತು." ಮರುದಿನ ಬೆಳಿಗ್ಗೆ ಕೊಪ್ಪರಿಗೆಯ ಕಂಠ ಹುಣಸೆಹಣ್ಣು ಹಚ್ಚಿ ಬೆಳಗಿಟ್ಟು ನನ್ನನ್ನು ಕರೆಸಿದಳು. "ಮಂದಿಗೆ ಉಣಿಸುವವರಿಗೆ ಅಂತ ಕೊರಿ," ಎಂದಳು. ನಾನು ಅವಳ ಮುಖ ನೋಡಿದೆ. ಹಾಗೆ ಯಾರೂ ಕೊರೆಸಿದ್ದಿಲ್ಲ. ಏಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ನೇರವಾಗಿ ಹೇಳಿದೆ. "ನನಗೂ ಗೊತ್ತಿಲ್ಲ," ಎಂದಳು. "ಆದ್ರ ಈ ಕೊಪ್ಪರಿಗಿ ಐವತ್ತ ವರ್ಷ ನನ್ನ ಕೈಯಾಗ ಎದ್ದದ್ದು ನಾ ದುಂಡವ್ವ ಅಂತ ಅಲ್ಲ." ನಾನು ಕೊರೆದೆ. ಕೊನೆಯ ಚುಕ್ಕೆ ಅವಳು ಹೊಡೆದಳು. ಅವಳ ಕೈ ಸ್ವಲ್ಪವೂ ನಡುಗಲಿಲ್ಲ.

ಅದರ ಮರುದಿನವೇ, ನಾನು ರೊಟ್ಟಿ ಬಡಿಯುತ್ತಿದ್ದಾಗ, ಚಾವಡಿಯಿಂದ ಕರೆ ಬಂತು. ಐದು ಜನ ಹಿರಿಯರು ಕುಳಿತಿದ್ದರು, ಮಾತು ಮಾತ್ರ ರಾಚಪ್ಪ ಕಾಕಾನದು. ನಮ್ಮಪ್ಪನಿಗೆ ಕಟ್ಟು ಹಾಕಿದ್ದೂ ಅವನೇ. "ದುಂಡವ್ವನ ಕೊಪ್ಪರಿಗಿ ಮ್ಯಾಲೆ ಯಾರ ಹೆಸರು ಕೊರದಿ?" ಎಂದು ಕೇಳಿದ.

"ಹೆಸರಲ್ಲರಿ ಕಾಕಾ, ಕೆಲಸ. ಆ ಕೆಲಸ ಯಾರ ಮಾಡತಾರ ಅವರದು."

"ಕೆಲಸಕ್ಕ ಕೈ ಅದಾವೇನು, ಎತ್ತಾಕ?"

"ಕೈ ಇಲ್ದ ಯಾವ ಕೆಲಸ ಆಗೇತಿ ಹೇಳ್ರಿ."

ಹಿಂದೆ ಯಾರೋ ನಕ್ಕರು. ರಾಚಪ್ಪನ ಮುಖ ಕೆಂಪಾಯಿತು. "ನಿಮ್ಮಪ್ಪ ಒಂದ ಹಂಡೇ ಕೆಡಿಸಿದ. ನೀ ಊರಿಗಿರೂ ಒಂದ ಕೊಪ್ಪರಿಗಿ ಕೆಡಿಸಿದಿ," ಎಂದ.

ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. "ನಮ್ಮಪ್ಪ ಏನೂ ಕೆಡಿಸಿಲ್ಲ. ಮೊನ್ನೆ ಅಣ್ಣತಮ್ಮರು ಕೂಡಿ ಎತ್ಯಾರ, ಹಂಡೇ ಎದ್ದೈತಿ. ಮೂವತ್ತ ವರ್ಷ ಅದು ಬಿಸಲಾಗ ಕುಂತಿತ್ತು. ಇಬ್ಬರೂ ಕೂಡಿ ಎತ್ತರೋ ಅಂತ ಒಂದ ಮಾತು ಹೇಳಿದಿರೇನು ನೀವು? ಮಾತು ಬಿಟ್ಟವರನ್ನ ಕೂಡಿಸೂದು ಬಿಟ್ಟು ಪತ್ತಾರನ ಹೊಟ್ಟಿ ಮ್ಯಾಲೆ ಹೊಡದ್ರಿ."

ರಾಚಪ್ಪ ಕೋಲಿನಿಂದ ನೆಲ ತೋರಿಸಿ, "ಉಳಿ ಇಲ್ಲಿಟ್ಟು ನಡಿ," ಎಂದ. ಸೊಂಟದಿಂದ ಉಳಿ ತೆಗೆದು ನೆಲದ ಮೇಲೆ ಇಟ್ಟೆ. "ನಮ್ಮಪ್ಪ ನನ್ನ ಹೆಸರು ಕೊರದಾನ. ನೀವು ಹಿರೇರು, ಐದ ಮಂದಿ ಅದೀರಿ. ಎತ್ತಿ ಒಳಗಿಟಗೋರಿ," ಎಂದೆ. ಒಬ್ಬನಂತೂ ನಿಜವಾಗಿ ಬಗ್ಗಿ ಕೈ ಹಾಕಿದ, ಬೆವರು ಒರೆಸಿಕೊಂಡು ಕುಳಿತ. ಗೇಣುದ್ದದ ಉಳಿ. ನಾನು ಎರಡು ಬೆರಳಲ್ಲಿ ಎತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ರಾಚಪ್ಪ ಆಗ ಮೆಲ್ಲಗೆ, "ದುಂಡವ್ವ ಹೋದ ಮ್ಯಾಲೆ ಕೊಪ್ಪರಿಗಿ ಏಳಲಿಲ್ಲ ಅಂದ್ರ?" ಎಂದ. "ಏಳಲಿಲ್ಲ ಅಂದ್ರ ನಾನ ಬಂದು ಉಳಿ ನಿಮ್ಮ ಕಾಲ ಮುಂದ ಇಡತೀನಿ. ಮತ್ತ ಎತ್ತೂದಿಲ್ಲ. ಸತ್ರೂ ಎತ್ತೂದಿಲ್ಲ," ಎಂದುಬಿಟ್ಟೆ. ಅಲ್ಲಿಯ ತನಕ ಯಾರೂ ಕಾಳವ್ವನ ಮನೆಗೆ ಪಾತ್ರೆ ಒಯ್ಯಬಾರದು ಎಂದು ರಾಚಪ್ಪ ಹೇಳಿದ. ಅಪ್ಪನಿಗೆ ಹೇಳಿದ್ದೇ ಮಾತು.

ನಾಲ್ಕು ತಿಂಗಳು ನನ್ನ ಕಟ್ಟೆಗೆ ಒಂದು ಚಮಚವೂ ಬರಲಿಲ್ಲ. ಜನ ಬೀದಿಯಲ್ಲಿ ಎದುರಾದರೆ ಬೇವಿನ ಮರದ ಸೈಕಲ್ಲು ನೋಡುತ್ತ ಹೋಗುತ್ತಿದ್ದರು. ದುಂಡವ್ವ ದಿನಾ ಒಂದು ಡಬ್ಬಿಯಲ್ಲಿ ಅನ್ನ ಕಳಿಸುತ್ತಿದ್ದಳು. ಬೇಡ ಎಂದರೆ, "ನಿನಗ ಉಣಿಸಿಲ್ಲಂದ್ರ ನನಗೇ ಏಳೂದಿಲ್ಲ ಆ ಕೊಪ್ಪರಿಗಿ, ತಿನ್ನು," ಎನ್ನುತ್ತಿದ್ದಳು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಐವತ್ತೆರಡು ವರ್ಷದವಳು ಉಳಿ ಬಿಟ್ಟರೆ ಬೇರೆ ಏನು ಮಾಡಲಿ? ಆದರೆ ಆ ಹೆದರಿಕೆಯನ್ನು ನಾನು ಯಾರ ಮುಂದೆಯೂ ತೋರಿಸಲಿಲ್ಲ, ಕಟ್ಟೆಯ ಮೇಲೆ ಬೇಕೆಂದೇ ಕಾಲು ಚಾಚಿ ಕೂರುತ್ತಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ ದುಂಡವ್ವ ಎದ್ದೇಳಲಿಲ್ಲ. ಸುದ್ದಿ ಮುಟ್ಟಿದ ಹಾಗೆಲ್ಲ ಸುತ್ತಲ ಹಳ್ಳಿಗಳಿಂದ ಜನ ಬಂದರು. ಅವಳ ಕೈಯಲ್ಲಿ ಮದುವೆಯೂಟ ಉಂಡವರು, ಅವರ ಮಕ್ಕಳು, ಮೊಮ್ಮಕ್ಕಳು. ಅಡಿವೆಪ್ಪ ಟೆಂಪೋ ತೆಗೆದುಕೊಂಡು ಬಂದ. ಅತ್ತೆಯ ಕಾಲು ಹಿಡಿದು ನಿಜವಾಗಿಯೇ ಅತ್ತ. ಅತ್ತಾದ ಮೇಲೆ ಅವನ ಕಣ್ಣು ಅಡುಗೆ ಪಡಸಾಲೆಯ ಕಡೆ ಹೋಯಿತು. ಅಷ್ಟರಲ್ಲಿ ರಾಚಪ್ಪ ಕೋಲು ಊರಿಕೊಂಡು ಬಂದು, "ಮಣ್ಣಿಗೆ ಒಯ್ಯೂಕಿಂತ ಮೊದಲ ಅದನ್ನ ನೋಡೂಣು. ಊರ ಮುಂದ ಆಗಿಬಿಡ್ಲಿ," ಎಂದ. ಹೆಣ ಅಂಗಳದಲ್ಲಿರುವಾಗ ಇಂಥ ಮಾತಾಡುವ ಬಾಯಿಗೆ ಏನು ಹೇಳುವುದು?

ಅಡಿವೆಪ್ಪ ತನ್ನ ಟೆಂಪೋದವನನ್ನು ಕರೆದು ಇಬ್ಬರೂ ಒಂದೊಂದು ಬಳೆ ಹಿಡಿದರು. ಕೊಪ್ಪರಿಗೆ ಮಿಸುಕಲಿಲ್ಲ. ಚಾವಡಿಯವರು ನಾಲ್ಕು ಆಳು ಕಳಿಸಿದರು, ಆಗಲಿಲ್ಲ. ಕೊನೆಗೆ ನಾನೇ ಹೋದೆ, ರುದ್ರವ್ವನನ್ನು ಆಚೆ ಕಡೆ ನಿಲ್ಲಿಸಿದೆ. ಬಳೆಗೆ ಕೈ ಹಾಕಿದಾಗ ನನ್ನ ತಲೆಯಲ್ಲಿ ಇದ್ದದ್ದು ನಮ್ಮಪ್ಪ, ನನ್ನ ಉಳಿ, ರಾಚಪ್ಪನ ಮುಖ, ಇಷ್ಟೇ. ಬೆನ್ನು ಹಿಡಿದುಕೊಳ್ಳುವವರೆಗೂ ಎಳೆದೆ. ಏಳಲಿಲ್ಲ.

ನಾನು ಹೊರಗೆ ಬಂದು ಸೊಂಟದ ಉಳಿ ತೆಗೆದು ರಾಚಪ್ಪನ ಕಾಲ ಮುಂದೆ, ಅಂಗಳದ ನಡುವೆ ಇಟ್ಟೆ. "ಕೊಟ್ಟ ಮಾತು ಉಳಿಸೀನಿ ನೋಡ್ರಿ," ಎಂದೆ. ದನಿ ಗಟ್ಟಿಯಾಗಿಯೇ ಇತ್ತು. ಕಣ್ಣು ನನ್ನ ಮಾತು ಕೇಳಲಿಲ್ಲ, ಅದು ಬೇರೆ.

ದುಂಡವ್ವನನ್ನು ಮಣ್ಣು ಮಾಡಿ ಬಂದೆವು. ಬಿಸಿಲು ನೆತ್ತಿಗೆ ಬಂದಿತ್ತು. ನೂರಕ್ಕೂ ಮಿಕ್ಕಿ ಪರವೂರಿನ ಜನ ಗೋಡೆಯ ನೆರಳು ಹಿಡಿದು ಕುಳಿತಿದ್ದರು. ವಾಪಸು ಹೋಗುವ ಬಸ್ಸು ಸಂಜೆಗೆ. ಒಬ್ಬ ಮುದುಕಿಯ ಮಡಿಲಲ್ಲಿದ್ದ ಕೂಸು ಹಸಿವಿನಿಂದ ಅತ್ತೂ ಅತ್ತೂ ಬಿಕ್ಕುತ್ತಿತ್ತು. ಆ ಮುದುಕಿ ಅಡಿವೆಪ್ಪನಿಗೆ ಹೇಳಿದಳು, "ನಿಮ್ಮತ್ತಿ ಇದ್ದಿದ್ರ ಇಷ್ಟೊತ್ತಿಗೆ ಎಲಿ ಹಾಕತಿದ್ಲು, ಯಪ್ಪಾ." ದೂರುವ ಮಾತಲ್ಲ, ನೆನಪಿನ ಮಾತು. ಅಡಿವೆಪ್ಪ ಕೂಸನ್ನು ನೋಡಿದ, ಜನರನ್ನು ನೋಡಿದ. ಅಂಗಿಯ ತೋಳು ಮಡಚಿಕೊಂಡು ನನ್ನ ಕಡೆ ತಿರುಗಿದ. "ಕಾಳಕ್ಕ, ಇವರನ್ನ ಹಿಂಗ ಕಳಸಾಕ ಬರೂದಿಲ್ಲ. ಅತ್ತಿ ಮನ್ಯಾಗ ಅಕ್ಕಿ ಐತಿ. ಬಾ, ಅನ್ನಕ್ಕ ಇಡೂಣು."

ಅವನು ನೆರೆಮನೆಯ ಕಟ್ಟಿಗೆ ತಂದು ಒಲೆಯ ಗುಂಡಿಗೆ ಜೋಡಿಸಿದ. ನಾನು ಅಕ್ಕಿ ಅಳೆದು ತೊಳೆದೆ. ರುದ್ರವ್ವ, ನೆರೆಮನೆಯ ಹೆಂಗಸರು ಉಳ್ಳಾಗಡ್ಡಿ ಹೆಚ್ಚಲು ಕುಳಿತರು. ನೆರೆಯವರ ಕೊಡಗಳಲ್ಲಿ ನೀರು ಬಂತು. ಅಡಿವೆಪ್ಪ, "ಆ ಕಡೆ ಹಿಡಿ ಕಾಳಕ್ಕ, ಹಗೂರಕ," ಎಂದ, ನಾನು ಹಿಡಿದೆ, ಇಬ್ಬರೂ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಸರೀರಿ, ದಾರಿ ಬಿಡ್ರಿ ಎನ್ನುತ್ತ ಅಂಗಳದ ಅರ್ಧಕ್ಕೆ ಬಂದೆವು. ಜನ ಯಾಕೆ ಎದ್ದು ನಿಲ್ಲುತ್ತಿದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ. ಅಡಿವೆಪ್ಪ ಕೆಳಗೆ ನೋಡಿದ. ನಾನೂ ನೋಡಿದೆ. ನಮ್ಮಿಬ್ಬರ ಕೈಯಲ್ಲಿ ಇದ್ದದ್ದು ಕೊಪ್ಪರಿಗೆ.

"ಕಾಳಕ್ಕ," ಎಂದ ಅವನು. ಅವನ ಹೆಜ್ಜೆ ನಿಂತಿತು.

"ನಿಂದರಬ್ಯಾಡ," ಎಂದೆ. "ಮಂದಿ ಹಸಿದಾರ. ನಡಿ."

ಅನ್ನ ಆಯಿತು, ಸಾರು ಆಯಿತು. ಬಾಳೆ ಎಲೆ ಸಾಲದೆ ಮುತ್ತುಗದ ಎಲೆ ತಂದೆವು. ಅನ್ನವನ್ನು ಅಡಿವೆಪ್ಪ ತಾನೇ ಬಡಿಸಿದ, ಆ ಸೌಟು ಯಾರ ಕೈಗೂ ಕೊಡಲಿಲ್ಲ. ಎಲ್ಲರೂ ಉಂಡ ಮೇಲೆ ಕೊಪ್ಪರಿಗೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದ. ಆಮೇಲೆ, ಹಳೆಯ ಚಾಳಿ ನೋಡಿ, ಟೆಂಪೋದವನನ್ನು ಕರೆದು ಇಬ್ಬರೂ ಬಳೆ ಹಿಡಿದರು. ಏಳಲಿಲ್ಲ. ಅಡಿವೆಪ್ಪ ಸುತ್ತ ನೋಡಿ, ಕೊಪ್ಪರಿಗೆಗೇ ಹೇಳುವವನ ಹಾಗೆ, "ನಾಳೆ ನಮ್ಮೂರಾಗ ಒಂದ ಲಗ್ನ ಐತಿ, ಉಣಸಾಕ ಒಯ್ಯಾಕತ್ತೀನಿ," ಎಂದ. ಏಳಲಿಲ್ಲ. ಲಗ್ನ ಇರಲಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅವನೂ ನಕ್ಕುಬಿಟ್ಟ. "ಇಲ್ಲೇ ಇರ್ಲಿ ಬಿಡು. ಲಗ್ನ ಖರೇ ಇದ್ದಾಗ ಬಂದು ಒಯ್ತೀನಿ," ಎಂದ. ಅವನು ಆಮೇಲೆ ಎರಡು ಸಲ ಬಂದು ಒಯ್ದಿದ್ದಾನೆ, ಎರಡು ಸಲವೂ ಎದ್ದಿದೆ, ಎರಡು ಸಲವೂ ತೊಳೆದು ತಂದಿಟ್ಟಿದ್ದಾನೆ.

ಆ ದಿನ ಕೊನೆಯ ಪಂಕ್ತಿಯಲ್ಲಿ ರಾಚಪ್ಪ ಕಾಕಾ ಕುಳಿತಿದ್ದ. ಅವನಿಗೆ ಸಾರು ಬಡಿಸಿದವಳು ನಾನು. ಎರಡನೇ ಸಲ ಸಾರು ಹಾಕುವಾಗ ತಲೆ ಎತ್ತದೆ, "ಕಾಳವ್ವ, ಉಳಿ ಅಂಗಳದಾಗ ಬಿದ್ದೈತಿ. ಮಂದಿ ಎಡವತಾರ, ತಗಿ," ಎಂದ.

"ಎತ್ತೂದಿಲ್ಲ ಅಂತ ಮಾತು ಕೊಟ್ಟೀನಲ್ಲರಿ. ನೀವ ಇಡಿಸಿದ್ದು, ನೀವ ಎತ್ತರಿ."

"ಕೊಪ್ಪರಿಗಿ ಎದ್ದೈತಲ್ಲ."

"ಕೊಪ್ಪರಿಗಿ ಎದ್ದದ್ದು ನಾ ನೋಡೀನಿ. ನೀವು ನೋಡಿದ್ದು ನಾ ಇನ್ನೂ ಕೇಳಿಲ್ಲ," ಎಂದು ಮುಂದಿನ ಎಲೆಗೆ ಹೋದೆ.

ಉಳಿ ಮೂರು ದಿನ ಅಲ್ಲೇ ಇತ್ತು. ಜನ ಸುತ್ತುಹಾಕಿ ಓಡಾಡಿದರು, ನಮ್ಮೂರಿನವರಿಗೆ ಅದೇನೂ ಹೊಸದಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ರಾಚಪ್ಪ ಉಳಿದ ನಾಲ್ವರು ಹಿರಿಯರನ್ನು ಕರೆದುಕೊಂಡು ನನ್ನ ಕಟ್ಟೆಗೆ ಬಂದ. ಕೈಯಲ್ಲಿ ಅವನ ಮನೆಯ ಬಿಂದಿಗೆ ಇತ್ತು. ನಿಂತೇ ಹೇಳಿದ, ಬೀದಿಗೆ ಕೇಳುವ ಹಾಗೆ: "ಕೊಪ್ಪರಿಗಿ ಎದ್ದೈತಿ, ನಾ ನೋಡೀನಿ. ಮೌನಪ್ಪ ಕೊರದ ಹಂಡೇನೂ ಎದ್ದೈತಿ. ತಪ್ಪು ಅವಂದಲ್ಲ, ನಮ್ಮದು."

ನಮ್ಮಪ್ಪನ ಹೆಸರು ಬೀದಿಯಲ್ಲಿ ಹಾಗೆ ಕೇಳಿ ಎಷ್ಟು ವರ್ಷವಾಗಿತ್ತೋ. ನಾನು ಎದ್ದು ದುಂಡವ್ವನ ಅಂಗಳಕ್ಕೆ ಹೋಗಿ ಉಳಿಯ ಮಣ್ಣು ಒರೆಸಿ ತಂದೆ. ಕಟ್ಟೆಯ ಮೇಲೆ ಕುಳಿತು ಬಿಂದಿಗೆಯನ್ನು ಕಾಲ ನಡುವೆ ಹಿಡಿದುಕೊಂಡು, "ಏನಂತ ಕೊರೀಲಿ ಕಾಕಾ?" ಎಂದು ಕೇಳಿದೆ.

ರಾಚಪ್ಪನಿಗೆ ಮೂವರು ಗಂಡುಮಕ್ಕಳು. ಅವನು ಬಿಂದಿಗೆಯ ಕಂಠದ ಸುತ್ತ ಒಮ್ಮೆ ಕೈ ಸವರಿದ. ಆಮೇಲೆ ಕೋಲು ಗೋಡೆಗೆ ಒರಗಿಸಿ ನನ್ನ ಪಕ್ಕದಲ್ಲಿ ಕುಳಿತು, "ನೀರಡಿಸಿದವರಿಗೆ ಕೊಡುವವರಿಗೆ ಅಂತ ಕೊರಿ," ಎಂದ. ಕೊನೆಯ ಚುಕ್ಕೆ ಹೊಡೆಯುವಾಗ ಅವನ ಕೈ ಬಹಳ ನಡುಗಿತು. ನಾನು ಬಿಂದಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.